ಬಸವನ ಬಾಯಿಗೆ ಬಾರದ ನೀರು

ಬಹಳ ಹಿಂದೆ, ಇಂಥ ಸಂಗತಿಗಳೆಲ್ಲ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ಉನ್ನತಾವತಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದವನು ಶ್ರೀಮದತಿಶಯವರ್ಮ ಮಹಾರಾಜ. ರಾಜಧಾನಿಯಲ್ಲಿ ಸಕಲ ಸೌಭಾಗ್ಯಗಳೂ ಇದ್ದವು, ನೀರೊಂದನ್ನು ಬಿಟ್ಟು. ಬೆಟ್ಟದ ಊಟೆಯಿಂದ ಊರ ಚೌಕದವರೆಗೆ ಕಾಲುವೆಯನ್ನೇನೋ ತಂದಿದ್ದರು. ಅದರ ತುದಿಯಲ್ಲೊಬ್ಬ ಕಲ್ಲಿನ ಬಸವ, ಅವನ ಬಾಯಿಂದ ನೀರು ಬೀಳಬೇಕು. ಆದರೆ ಶಿಲ್ಪಿ ಬಸವನ ಕಣ್ಣು ತೆರೆಸುವವರೆಗೆ ನೀರು ಬಿಡುವಂತಿಲ್ಲ ಎಂಬುದು ಅಲ್ಲಿನ ಕಟ್ಟುಪಾಡು. ಶಿಲ್ಪಿಯೋ, ಮೌನೇಶಾಚಾರಿ.

ಆಚಾರಿ ಕೆಟ್ಟವನಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಇನ್ನೂ ಸ್ವಲ್ಪ ಚೆನ್ನಾಗಬಹುದು ಅನ್ನುವುದೊಂದೇ ಅವನ ಕಾಯಿಲೆ. ಕಿವಿ ದಪ್ಪವಾಯಿತೆಂದು ಕೆತ್ತಿದ, ಆಗ ಕೊಂಬು ದಪ್ಪ ಕಂಡಿತು. ಕೊಂಬನ್ನು ಸಣ್ಣ ಮಾಡಿದ, ಮುಖ ಅತಿಯಾಯಿತು. ಹೀಗೆ ಆನೆ ಗಾತ್ರದಲ್ಲಿ ಶುರುವಾದ ಬಸವ ಮೂರು ವರ್ಷದಲ್ಲಿ ಕರುವಿನ ಗಾತ್ರಕ್ಕೆ ಇಳಿದಿದ್ದ. ಸಂಜೆ ಮುಗಿಯಿತು ಅನ್ನಿಸಿದ್ದು ಬೆಳಗ್ಗೆ ಕಂಡರೆ ಆಚಾರಿಗೆ ಮೈಯೆಲ್ಲ ಉರಿ. ಆ ಉರಿಯಲ್ಲೇ ಅವನಿಗೆ ಸುಖವೂ ಇತ್ತು, ಮುಚ್ಚಿಡುವುದೇಕೆ?

ಅವನ ಹೆಂಡತಿ ಕಾಳಮ್ಮ ಊರ ಹೆಂಗಸರೊಡನೆ ಹರದಾರಿ ದೂರದ ಹೊಳೆಯಿಂದ ನೀರು ಹೊರುತ್ತಿದ್ದಳು.

"ರೀ, ಬಾಯಲ್ಲಿ ತೂತು ಇದೆ ತಾನೆ? ನಮಗಷ್ಟೇ ಸಾಕು. ಕಣ್ಣು ತೆರೆಸಿಬಿಡಿ, ನನ್ನ ಸೊಂಟ ಬಿದ್ದುಹೋಯ್ತು."

"ಅದರ ತುಟೀಲಿ ನಗು ಬಂದಿಲ್ಲ ಕಣೇ."

"ಮೂರು ವರ್ಷದಿಂದ ನಮಗೂ ಬಂದಿಲ್ಲ."

ಹೆಂಗಸರ ದೂರು ಆಸ್ಥಾನ ಮುಟ್ಟಿತು. ಮಹಾರಾಜರು ಸಪರಿವಾರ ಸ್ಥಳ ಪರಿಶೀಲನೆಗೆ ಬಿಜಯಂಗೈದು, ಏಕೆ ಮುಗಿದಿಲ್ಲವೆಂದು ಗದರಿದರು.

"ಇನ್ನೂ ಚೆನ್ನಾಗಬೇಕು ಅನ್ನಿಸ್ತದೆ, ಬುದ್ಧಿ," ಎಂದ ಆಚಾರಿ.

ಮಹಾರಾಜನ ಕಣ್ಣು ತುಂಬಿತು. ಅವನ ಆಳ್ವಿಕೆಯಲ್ಲಿ ಸೇತುವೆ, ಛತ್ರ, ರಸ್ತೆ ಯಾವುದೂ ಮುಗಿದಿರಲಿಲ್ಲ. ಅದಕ್ಕೊಂದು ಮರ್ಯಾದಸ್ಥ ಕಾರಣ ಈಗಷ್ಟೇ ಸಿಕ್ಕಿತ್ತು.

"ಕೇಳಿದಿರಾ, ಮಂತ್ರಿಗಳೇ? ಹಾಗಾದರೆ ನಾವೂ ಕಲಾವಿದರು!"

"ಪ್ರಭು, ತಮ್ಮ ಕಾಮಗಾರಿಗಳನ್ನು ಕಂಡಾಗಲೆಲ್ಲ ಈ ದಾಸನಿಗೆ ಆ ಅನುಮಾನವಿತ್ತು," ಎಂದು ಮಂತ್ರಿ ಅನುಮೋದರಾಯ ಮೂಗೊರೆಸಿಕೊಂಡ.

ಅಂದೇ ಅತೃಪ್ತಿಯನ್ನು ರಾಷ್ಟ್ರೀಯ ಗುಣವೆಂದು ಘೋಷಿಸಲಾಯಿತು. 'ಇನ್ನಷ್ಟು ಅಭಿವೃದ್ಧಿ ಪ್ರಾಧಿಕಾರ' ಹುಟ್ಟಿಕೊಂಡು, ಸಾಕು ಎಂದವರಿಗೆಲ್ಲ ಶೋಕಾಸ್ ನೋಟಿಸ್ ಕೊಡತೊಡಗಿತು. ಕ್ಷೌರಿಕರು ಅರ್ಧ ಮೀಸೆಗೆ ಕತ್ತರಿ ನಿಲ್ಲಿಸಿ ಚಿಂತನೆಗೆ ಕುಳಿತರು. ಒಂದು ಮದುವೆಯಲ್ಲಂತೂ ಮದುಮಗ ತಾಳಿಗೆ ಎರಡು ಗಂಟು ಹಾಕಿ, ಮೂರನೆಯದಕ್ಕೆ ಸ್ಫೂರ್ತಿ ಬರಲೆಂದು ಊಟದ ಹೊತ್ತಿನವರೆಗೂ ಕಾದ.

ಈ ಗದ್ದಲದ ನಡುವೆ ಒಂದು ಬೆಳಗ್ಗೆ ಆಚಾರಿ ಬಸವನನ್ನು ನೋಡಿದ. ಮೈ ಉರಿಯಲಿಲ್ಲ. ಸುತ್ತು ಹಾಕಿ ನೋಡಿದ. ತುಟಿಯಲ್ಲಿ ನಗು ಬಂದಿತ್ತು! ಉಳಿ ಎತ್ತಿಕೊಂಡು ಕಣ್ಣು ತೆರೆಸಿದ. ಕಾಲುವೆಯ ಅಡ್ಡಹಲಗೆ ಎತ್ತಿದ್ದೇ ತಡ, ನೀರು ಧೋ ಎಂದು ಸುರಿಯಿತು. ಕಾಳಮ್ಮ ಸೀರೆ ನೆನೆಯುವುದನ್ನೂ ಲೆಕ್ಕಿಸದೆ ಅದರ ಕೆಳಗೆ ನಿಂತು ಕುಣಿದಳು. ಆಚಾರಿಗೆ ಜೀವನದಲ್ಲಿ ಮೊದಲ ಸಲ ಹಾಯೆನಿಸಿತು.

ಸುದ್ದಿ ತಿಳಿದ ಮಹಾರಾಜ ಪ್ರಾಧಿಕಾರದವರನ್ನು ಕಟ್ಟಿಕೊಂಡು ಓಡೋಡಿ ಬಂದ.

"ಆಚಾರ್ಯರೇ, ಏನಿದು ನಾವು ಕೇಳುತ್ತಿರುವುದು? ತೃಪ್ತಿಯೇ? ತಮಗೇ?"

"ಆಯ್ತು ಅನ್ನಿಸ್ತು, ಬುದ್ಧಿ. ನೀರೂ ಬಂತು."

"ನೀರು ಯಾರು ಬೇಕಾದರೂ ತರಿಸುತ್ತಾರೆ. ಇದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯವೇ ಇಲ್ಲವೆಂದು ಎದೆ ಮುಟ್ಟಿ ಹೇಳಿ, ನಾವು ಹೊರಟುಹೋಗುತ್ತೇವೆ."

"ಸಾಧ್ಯ ಇಲ್ಲ ಅನ್ರೀ!" ಕಾಳಮ್ಮ ಕೂಗಿದಳು. "ಒಂದ್ಸಲ ಅಂದುಬಿಡ್ರೀ, ನಿಮ್ಮ ದಮ್ಮಯ್ಯ!"

ಆಚಾರಿ ಎದೆ ಮುಟ್ಟಿಕೊಂಡ, ಬಾಯಿಯನ್ನೂ ತೆರೆದ. ಸುಮ್ಮನೆ ಹೇಳಬಹುದಿತ್ತು. ಹೇಳುವ ಮುಂಚೆ ಬಸವನತ್ತ ಒಮ್ಮೆ ತಿರುಗಿದ.

"ಎಡಗಡೆ ಹೊಳ್ಳೆ..." ಎಂದ ಮೆಲ್ಲಗೆ. "ಒಂದು ಕೂದಲಷ್ಟು ಅಗಲ ಆಯ್ತೇನೋ."

ಮಹಾರಾಜ ಅವನನ್ನು ಬಾಚಿ ತಬ್ಬಿಕೊಂಡ. ಜಯಘೋಷ ಮುಗಿಲು ಮುಟ್ಟಿತು. ಹಲಗೆ ಇಳಿಯಿತು, ನೀರು ನಿಂತಿತು, ಬಸವನನ್ನು ಒಡೆದು ಹಾಕಿದರು. ಆನೆ ಗಾತ್ರದ ಹೊಸ ಬಂಡೆ ಬಂತು. ಅದರೆದುರೇ ಆಚಾರಿಗೆ 'ಅತೃಪ್ತ ಚಕ್ರವರ್ತಿ' ಎಂದು ಕಿರೀಟ ತೊಡಿಸಿದರು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಮಗುವಿನ ಬೆನ್ನು ಸವರಿದಂತೆ ಬಂಡೆಯನ್ನು ಸವರುತ್ತ ನಗುತ್ತಿದ್ದ. ಇಷ್ಟು ಖುಷಿ ಅವನಿಗೆ ನೀರು ಬಿದ್ದಾಗಲೂ ಆಗಿರಲಿಲ್ಲ.

ಕಲ್ಲನ್ನು ಉಜ್ಜಿ ನಯ ಮಾಡಲು ನೀರು ಬೇಕಲ್ಲ? ಪ್ರತಿ ಮನೆಯವರೂ ದಿನಕ್ಕೊಂದು ಕೊಡ ನೀರನ್ನು ಹೊಳೆಯಿಂದ ಹೊತ್ತು ತಂದು ಚೌಕದಲ್ಲಿ ಸುರಿಯತಕ್ಕದ್ದೆಂದು ಡಂಗುರ ಸಾರಲಾಯಿತು. ಶಿಲ್ಪಿಯ ಮನೆಯವರಿಗೆ, ಗೌರವಾರ್ಥವಾಗಿ, ಎರಡು ಕೊಡ.