ಒಂದು ಬಸ್ಸು ಬಿಟ್ಟು ಉತ್ತರ

ವಾಟ್ಸ್ಯಾಪ್ ಗುಂಪೊಂದಕ್ಕೆ ಸೇರಿದ ಮೇಲೆ ಜಗಳ ಹುಡುಕಿಕೊಂಡು ಮನೆಯಿಂದ ಹೊರಗೆ ಹೋಗಬೇಕಾಗಿಲ್ಲ. ಅದೇ ನಮ್ಮನ್ನು ಹುಡುಕಿಕೊಂಡು ಅಂಗಿಯ ಕಿಸೆಗೆ ಬರುತ್ತದೆ. ನಾನಿರುವುದು ಒಂದೇ ಗುಂಪಿನಲ್ಲಿ. ರಾಜಕೀಯದ್ದಲ್ಲ, ಜಾತಿಯದ್ದಲ್ಲ, ಬಸ್ಸಿನದ್ದು. ಆದರೂ ನಮ್ಮ ಮೇಲೆ ಯುದ್ಧ ಸಾರಿದವರಿದ್ದರು. ನಾನು ಹೈಸ್ಕೂಲಿನ ಪಿ.ಟಿ. ಮಾಷ್ಟ್ರು. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ‘ಸಾವಧಾನ್’ ಎಂದು ಕೂಗುತ್ತ ಬಂದಿದ್ದೇನೆ. ನನಗೆ ಮಾತ್ರ ಅದು ಹತ್ತಲಿಲ್ಲ. ಎಪ್ಪತ್ತು ದಾಟಿದ ಒಬ್ಬರಲ್ಲಿ ಅದನ್ನು ಕಂಡು ಬಾಯಿ ಬಿಟ್ಟು ನಿಂತ ಕೆಲವು ಪ್ರಸಂಗಗಳನ್ನು ಹೇಳುತ್ತೇನೆ.

೧. ಹೂವು ಎಲ್ಲಿ ಹತ್ತಿತು?

ನನ್ನ ಮನೆ ಸಿದ್ದಕಟ್ಟೆಯಿಂದ ಒಳಗೆ, ಶಾಲೆ ಮಿಜಾರಿನ ಕಡೆ. ಮೂಡುಬಿದಿರೆಯಲ್ಲಿ ಇಳಿದು ಬಸ್ಸು ಬದಲಿಸಬೇಕು. ಮೊದಲನೆಯದು ಐದು ನಿಮಿಷ ತಡವಾದರೆ ಎರಡನೆಯದು ತಪ್ಪುತ್ತದೆ. ಎರಡನೆಯದು ತಪ್ಪಿದರೆ ಪ್ರಾರ್ಥನೆಯ ವಿಸಿಲನ್ನು ನಮ್ಮ ಮುಖ್ಯೋಪಾಧ್ಯಾಯಿನಿಯವರೇ ಊದುತ್ತಾರೆ. ಅವರು ಊದಿದ ದಿನ ಮಕ್ಕಳು ಗೆರೆ ಎಳೆದ ಹಾಗೆ ನಿಲ್ಲುತ್ತಾರೆ. ನನ್ನ ಸಂಕಟ ಅದೇ.

ಈ ಸಂಕಟಕ್ಕೆ ಮದ್ದು ನಮ್ಮ ಗುಂಪು: ‘ಬಸ್ಸು ಎಲ್ಲಿ ಮುಟ್ಟಿತು’. ಬಂಟ್ವಾಳದಿಂದಲೂ ಬೆಳ್ತಂಗಡಿಯಿಂದಲೂ ಮೂಡುಬಿದಿರೆಗೆ ಬರುವ ಬಸ್ಸುಗಳಲ್ಲಿ ಇರುವವರು ‘ಹಸಿರು ಬಸ್ಸು, ರಾಯಿ ದಾಟಿತು, ಸೀಟಿಲ್ಲ’ ಎಂದು ಬರೆಯುತ್ತಾರೆ. ಮುಂದಿನ ಸ್ಟಾಪಿನವರು ಓದಿಕೊಂಡು ಮನೆಯಿಂದ ಹೊರಡುತ್ತಾರೆ. ಇದನ್ನು ಕಟ್ಟಿದವರು ಟೈಮ್ ಕಾಕ. ಬಸ್ ಸ್ಟ್ಯಾಂಡಿನಲ್ಲಿ ನಲವತ್ತು ವರ್ಷ ಟೈಮ್ ಕೀಪರ್ ಆಗಿ, ಬಸ್ಸುಗಳನ್ನು ಸಮಯಕ್ಕೆ ಸರಿಯಾಗಿ ಹೊರಡಿಸುತ್ತಿದ್ದ ಬ್ಯಾರಿ ಮುಸ್ಲಿಂ ಹಿರಿಯರು. ಮೊಣಕಾಲು ಕೈಕೊಟ್ಟ ಮೇಲೆ ಮನೆಯ ಜಗಲಿಯಲ್ಲಿ ಕುಳಿತು ಫೋನಿನಲ್ಲೇ ಸ್ಟ್ಯಾಂಡು ನಡೆಸುತ್ತಾರೆ.

ಒಂದು ದಿನ ನಾನು ಸ್ಟಾಪಿನಲ್ಲಿ ನಿಂತು ಅವರೊಡನೆ ಫೋನಿನಲ್ಲಿ ಮಾತಾಡುತ್ತಿದ್ದಾಗ ದೂರದಲ್ಲಿ ಹಾರ್ನ್ ಕೇಳಿಸಿತು. ನಾನು ಕೈ ಅಡ್ಡ ಹಿಡಿಯಲು ಮುಂದೆ ಹೋದೆ. ಅತ್ತ ಕಡೆಯಿಂದ ಕಾಕ, “ಮಾಷ್ಟ್ರೇ, ಅದು ಬೇಡ, ಅದು ಮದುವೆ ಟ್ರಿಪ್ಪಿಗೆ ಹೋಗುವ ಬಸ್ಸು. ನಿಮ್ಮದು ಹಿಂದಿನಿಂದ ಬರ್ತದೆ” ಎಂದರು. ತಿರುವಿನಲ್ಲಿ ಬಂದದ್ದು ಗಾಜಿಗೆ ಹೂವಿನ ಹಾರ ಕಟ್ಟಿದ ಬಸ್ಸು. ನನ್ನ ಮೈ ಜುಮ್ಮೆಂದಿತು. ಫೋನಿನೊಳಗಿನಿಂದ ಹಾರ್ನ್ ಕೇಳಿ ಬಸ್ಸಿನ ಗುರುತು ಹಿಡಿಯುವ ಮನುಷ್ಯ!

ಗುಂಪಿನಲ್ಲಿ ಬಸ್ಸಿನ ಸುದ್ದಿ ಬಿಟ್ಟು ಬೇರೇನೂ ಹಾಕಬಾರದೆಂಬ ಕಾನೂನು ಉಂಟು. ಒಮ್ಮೆ ಹೊಸಬರೊಬ್ಬರು ಬೆಳಿಗ್ಗೆ ಆರು ಗಂಟೆಗೆ ಇಬ್ಬನಿ ಬಿದ್ದ ಗುಲಾಬಿಯ ಚಿತ್ರ ಹಾಕಿ ‘ಶುಭೋದಯ’ ಎಂದರು. ಇವರನ್ನು ಕೂಡಲೇ ತೆಗೆದುಹಾಕಿ ಎಂದು ನಾನು ಬರೆದೆ. ಕಾಕ ಮಾತ್ರ ಬಹಳ ಮರ್ಯಾದೆಯಿಂದ ಕೇಳಿದರು:

“ಈ ಹೂವು ಯಾವ ಸ್ಟಾಪಿನಲ್ಲಿ ಹತ್ತಿತು?”

೨. ಬಸ್ಸಿಲ್ಲದ ದಾರಿ

ತೋಡಾರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಒಬ್ಬರು ‘ಮಿಂಚಿನ ಬಸ್ ಬಳಗ’ ಎಂಬ ಹೊಸ ಗುಂಪು ಕಟ್ಟಿದರು. ಕಟ್ಟಲಿ, ಬೇಡ ಎಂದವರಾರು? ಆದರೆ ಅವರು ನಮ್ಮ ಗುಂಪಿಗೇ ಬಂದು ಬರೆದರು: ‘ಕಾಲ ಬದಲಾಗಿದೆ. ಅಜ್ಜಂದಿರ ಗುಂಪು ಬಿಟ್ಟು ಬನ್ನಿ. ನಮ್ಮಲ್ಲಿ ಕಂಡಕ್ಟರುಗಳ ಫೋನಿನಿಂದಲೇ ಬಸ್ಸು ಮ್ಯಾಪಿನಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಯಾರನ್ನೂ ಕೇಳಬೇಕಿಲ್ಲ.’

ನನ್ನ ರಕ್ತ ಕುದಿಯಿತು. ನಾವು ಮಾತಾಡುವುದು ತುಳುವಿನಲ್ಲಿ, ಗುಂಪಿನಲ್ಲಿ ಬರೆಯುವುದು ಕನ್ನಡದಲ್ಲಿ. ಅಂದು ನನಗೆ ಎರಡೂ ಸಾಲಲಿಲ್ಲ. ಉದ್ದದ ಉತ್ತರವೊಂದನ್ನು ಟೈಪ್ ಮಾಡಿ, ಗುಂಪಿಗೆ ಹಾಕುವ ಮೊದಲು ಅಕ್ಷರ ಸರಿಯುಂಟಾ ನೋಡಿ ಎಂದು ಕಾಕನಿಗೆ ಕಳಿಸಿದೆ. ಅವರು ಫೋನ್ ಮಾಡಿದರು.

“ಅಕ್ಷರ ಎಲ್ಲ ಸರಿ ಉಂಟು ಮಾಷ್ಟ್ರೇ. ಆದ್ರೆ ಒಂದು ಬಸ್ಸು ಬಿಡಿ.”

“ಹಾಗಂದರೆ?”

“ಸ್ಟ್ಯಾಂಡಿನಲ್ಲಿ ದಿನಾ ಎರಡು ಬಸ್ಸಿನವರಿಗೆ ಜಗಳ. ಅವನು ನನ್ನ ಟೈಮ್ ತಿಂದ, ಇವನು ನನ್ನ ಟೈಮ್ ತಿಂದ ಅಂತ. ಇಬ್ಬರೂ ನನ್ನ ಕಾಲರ್ ಹಿಡಿಯುವವರೇ. ನಾನು ಏನು ಮಾಡ್ತಿದ್ದೆ ಗೊತ್ತುಂಟಾ? ಮತ್ತೊಂದು ಬಸ್ಸು ಬಂದು ಹೋಗುವವರೆಗೆ ಬಾಯಿ ತೆರೀತಿರ್ಲಿಲ್ಲ. ಅಷ್ಟು ಹೊತ್ತಿಗೆ ಒಬ್ಬ ಚಾ ಕುಡೀಲಿಕ್ಕೆ ಹೋಗಿರ್ತಾನೆ. ಒಬ್ಬನೇ ಜಗಳ ಆಡ್ಲಿಕ್ಕೆ ಆಗ್ತದಾ? ನೀವೂ ಒಂದು ಬಸ್ಸು ಬಿಟ್ಟು ಉತ್ತರ ಕೊಡಿ.”

ನಲವತ್ತು ವರ್ಷ ಕಾಲರ್ ಹಿಡಿಸಿಕೊಂಡವರು ಇಷ್ಟು ತಣ್ಣಗೆ ಮಾತಾಡುವುದನ್ನು ಕೇಳಿ ನನಗೆ ನಾಚಿಕೆಯಾಯಿತು. ಆಗಲಿ ಎಂದೆ. ಆಮೇಲೆ ನೋಡಿದರೆ ಆ ದಿನದ ಕೊನೆಯ ಬಸ್ಸು ಹೋಗಿಯಾಗಿತ್ತು. ಮುಂದಿನದು ಬೆಳಿಗ್ಗೆ ಆರೂ ಹತ್ತಕ್ಕೆ. ಬೆಳಿಗ್ಗೆ ಅದು ಹೋದ ಮೇಲೆ ನನ್ನ ಉತ್ತರವನ್ನು ಮತ್ತೆ ಓದಿದೆ. ಯಾರೋ ಹುಚ್ಚರು ಬರೆದಂತಿತ್ತು. ಅಳಿಸಿದೆ.

ಈ ಕಥೆಯನ್ನು ಹೆಂಡತಿಗೆ ಹೇಳಿದ್ದು ನನ್ನ ತಪ್ಪು. ಈಗ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಬಾಯಿ ತೆರೆದರೆ ಸಾಕು, “ಒಂದು ಬಸ್ಸು ಬಿಟ್ಟು ಹೇಳಿ” ಎನ್ನುತ್ತಾಳೆ. ನಮ್ಮ ಮನೆಯ ದಾರಿಯಲ್ಲಿ ಬಸ್ಸೇ ಬರುವುದಿಲ್ಲ.

೩. ದುಬೈಯ ಪ್ರಯಾಣಿಕ

ಚುಕ್ಕೆಯ ಆಸೆಗೆ ಜನ ಹೊರಟರು. ದಿನಕ್ಕೆ ನಾಲ್ಕು, ಐದು ಹೆಸರುಗಳ ಮುಂದೆ ‘ಹೊರನಡೆದರು’ ಎಂದು ಬರತೊಡಗಿತು. ನಾನು ಒಬ್ಬೊಬ್ಬರ ಹೆಸರನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಕಾಕ ಹೋದವರಿಗೆಲ್ಲ ಖಾಸಗಿಯಾಗಿ ಒಂದು ಸಾಲು ಕಳಿಸುತ್ತಿದ್ದರಂತೆ: ‘ಜಾಗ್ರತೆಯಲ್ಲಿ ಹೋಗಿ. ವಾಪಸು ಬಂದರೆ ಸೀಟು ಉಂಟು.’

ಕಾಕನನ್ನು ಕಂಡು ಬರುವ ಎಂದು ಒಂದು ಸಂಜೆ ಮನೆಗೆ ಹೋದೆ. ಜಗಲಿಯಲ್ಲಿ ಒಂದು ಕುರ್ಚಿ, ಎದುರಿನ ಗೋಡೆಯಲ್ಲಿ ಒಂದು ದೊಡ್ಡ ಗಡಿಯಾರ. ಕಾಕ ನಮಾಜಿಗೆ ಒಳಗೆ ಹೋದಾಗ ಅವರ ಮಗಳು ಚಾ ತಂದಿಟ್ಟು ಮೆಲ್ಲಗೆ ಹೇಳಿದಳು: “ಮಾಷ್ಟ್ರೇ, ಈ ಗುಂಪು ನಿಂತರೆ ಕಷ್ಟ. ಕಾಲು ನೋವು ಶುರುವಾದ ವರ್ಷ ಬಾಪ ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ. ಗುಂಪು ಮಾಡಿದ ಮೇಲೆ ಐದೂವರೆಗೆ ಎದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತ್ಕೊಳ್ತಾರೆ. ಫೋನ್ ನೋಡ್ಲಿಕ್ಕೆ ಇಸ್ತ್ರಿ ಯಾಕೆ ಅಂತ ಕೇಳಿದ್ರೆ, ಡ್ಯೂಟಿ ಅಲ್ವಾ ಅಂತಾರೆ.”

ಅಲ್ಲಿಯವರೆಗೆ ನಾನು ಗುಂಪಿನ ಮರ್ಯಾದೆಗಾಗಿ ಹಾರಾಡುತ್ತಿದ್ದೆ; ಗುಂಪು ಹೋದರೆ ಅದರೊಡನೆ ಏನು ಹೋಗುತ್ತದೆ ಎಂದು ಆಗ ತಿಳಿಯಿತು.

ಮನೆಗೆ ಬಂದು, ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ಯಾರ್‍ಯಾರು ಇದ್ದೀರಿ ಎಂದು ಗುಂಪಿನಲ್ಲಿ ಕೇಳಿದೆ. ಮೊದಲು ಬಂದದ್ದು ಅಳದಂಗಡಿಯವರೊಬ್ಬರ ಉತ್ತರ: ‘ನಾನು ಬಿಟ್ಟು ಹೋಗುವುದಿಲ್ಲ. ದಿನಾ ಬೆಳಿಗ್ಗೆ ಏಳೂವರೆಯ ಬಸ್ಸು ಅಳದಂಗಡಿ ಬಿಟ್ಟಿತು ಅಂತ ಓದದೆ ನನಗೆ ಕೆಲಸಕ್ಕೆ ಹೋಗ್ಲಿಕ್ಕೆ ಆಗುವುದಿಲ್ಲ.’

ಎಂಥ ನಿಷ್ಠೆ! ನಾನು ಹಿಗ್ಗಿ, ನೀವು ಬೆಳ್ತಂಗಡಿಯಲ್ಲಿ ಕೆಲಸವೋ, ಮೂಡುಬಿದಿರೆಯಲ್ಲೋ ಎಂದು ಕೇಳಿದೆ.

‘ದುಬೈಯಲ್ಲಿ’ ಎಂದು ಬರೆದರು. ‘ಆ ಬಸ್ಸು ಹತ್ತದೆ ಒಂಬತ್ತು ವರ್ಷ ಆಯಿತು. ಹತ್ತದಿದ್ದರೇನು, ತಪ್ಪಿಸಿಕೊಳ್ಳಬಾರದಲ್ಲ?’

೪. ಸೋಮವಾರದ ಪಂದ್ಯ

ಕೊನೆಗೆ ಮೊಬೈಲ್ ಅಂಗಡಿಯವರು ನೇರ ಸವಾಲನ್ನೇ ಹಾಕಿದರು. ಭಾನುವಾರ ಮೂಡುಬಿದಿರೆ ಸ್ಟ್ಯಾಂಡಿಗೆ ಬನ್ನಿ, ಮೂರು ಬಸ್ಸುಗಳು, ಒಂದೊಂದೂ ಎಷ್ಟು ನಿಮಿಷದಲ್ಲಿ ಬರುತ್ತದೆಂದು ಎರಡೂ ಗುಂಪಿನವರು ಹೇಳುವುದು, ಸೋತವರು ಗುಂಪು ಮುಚ್ಚುವುದು.

ಬೇಡ ಕಾಕ ಎಂದು ನಾನು ಅಂಗಲಾಚಿದೆ. ಅವರು ಒಂದು ಬಸ್ಸು ಹೋಗುವಷ್ಟು ಹೊತ್ತು ಬಿಟ್ಟು ಗುಂಪಿನಲ್ಲಿ ಬರೆದರು: ‘ಆಗಲಿ. ಭಾನುವಾರ ಬೇಡ, ಅಂದು ಯಾರಿಗೂ ಅವಸರ ಇರುವುದಿಲ್ಲ. ಸೋಮವಾರ ಬೆಳಿಗ್ಗೆ ಮಾಡುವ.’

ಸೋಮವಾರ ನಾನು ಬೇಗನೆ ಹೊರಟು ಸ್ಟ್ಯಾಂಡು ಸೇರಿದೆ. ಎಕ್ಸ್‌ಪ್ರೆಸ್ಸುಗಳು ನಮ್ಮ ಶಾಲೆಯ ಹತ್ತಿರ ನಿಲ್ಲುವುದಿಲ್ಲ. ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಎಂಟೂ ಮುಕ್ಕಾಲಿನ ಸರ್ವಿಸ್ ಬಸ್ಸಿನಲ್ಲಿ ಹೋದರಾಯಿತು, ಅಷ್ಟರೊಳಗೆ ಪಂದ್ಯ ಮುಗಿದಿರುತ್ತದೆ ಎಂದು ನನ್ನ ಲೆಕ್ಕ. ಕಾಕ ರಿಕ್ಷಾದಲ್ಲಿ ಬಂದಿಳಿದರು. ಇಸ್ತ್ರಿಯ ಬಿಳಿ ಅಂಗಿ, ಕಿಸೆಯಲ್ಲಿ ಫೋನು. ಬೆಂಚಿನಲ್ಲಿ ಕುಳಿತು ಸುತ್ತ ನೋಡಿ ಚಿಕ್ಕ ಮಕ್ಕಳ ಹಾಗೆ ನಕ್ಕರು. ಎದುರಾಳಿಯ ಕೈಯಲ್ಲಿ ಎರಡು ಫೋನು. ಸುತ್ತ ಮೂವತ್ತು ನಲವತ್ತು ಜನ.

ಮೊದಲನೆಯದು ಬೆಳ್ತಂಗಡಿಯ ಬಸ್ಸು. ಅಂಗಡಿಯವರು ಮ್ಯಾಪು ನೋಡಿ, “ಐದು ನಿಮಿಷ” ಎಂದರು. ಕಾಕ, “ಒಂಬತ್ತು. ಸೋಮವಾರ ಅಲ್ವಾ? ಊರಿಗೆ ಹೋದ ಹಾಸ್ಟೆಲಿನ ಮಕ್ಕಳು ಪೆಟ್ಟಿಗೆ ಸಮೇತ ಬರುವ ದಿನ. ಕಾಲೇಜಿನ ಹತ್ತಿರ ಪೆಟ್ಟಿಗೆ ಇಳಿಸ್ಲಿಕ್ಕೇ ನಾಲ್ಕು ನಿಮಿಷ ಬೇಕು” ಎಂದರು. ಬಸ್ಸು ಬಂದದ್ದು ಒಂಬತ್ತನೆಯ ನಿಮಿಷಕ್ಕೆ. ಜನ ಗಡಿಯಾರವನ್ನೂ ಕಾಕನನ್ನೂ ನೋಡಿದರು. ನನ್ನ ಕಣ್ಣಿಗಂತೂ ಆಗ ಅವರು ಎರಡಾಳು ಎತ್ತರ ಕಂಡರು.

ಎರಡನೆಯದರಲ್ಲಿ ಕಾಕ ಸೋತರು. ದಾರಿಯಲ್ಲಿ ಲಾರಿಯೊಂದು ಕೆಟ್ಟು ನಿಂತದ್ದು ಮ್ಯಾಪಿಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. “ಭೇಷ್ ಮಗಾ! ಇದು ನನಗೆ ಗೊತ್ತಾಗ್ತಿರ್ಲಿಲ್ಲ” ಎಂದು ಎದುರಾಳಿಯ ಬೆನ್ನು ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಪಂದ್ಯದ ನಡುವೆ ಯಾರಾದರೂ ಹೊಗಳುತ್ತಾರೆಯೇ?

ಉಳಿದದ್ದು ಬಂಟ್ವಾಳದಿಂದ ಬರುವ ಹಸಿರು ಬಸ್ಸು. ಗುಂಪು ಉಳಿಯುವುದೂ ಅಳಿಯುವುದೂ ಅದರ ಮೇಲೆ. ಅಂಗಡಿಯವರು ಗೆಲುವಿನ ಮುಖದಲ್ಲಿ, “ಸಿದ್ದಕಟ್ಟೆಯಲ್ಲಿ ನಿಂತುಬಿಟ್ಟಿದೆ. ಇಪ್ಪತ್ತು ನಿಮಿಷದಿಂದ ಚುಕ್ಕೆ ಅಲುಗಾಡುವುದಿಲ್ಲ. ಟಯರ್ ಹೋಗಿರಬೇಕು. ಇನ್ನು ಅರ್ಧ ಗಂಟೆ” ಎಂದರು. ಚುಕ್ಕೆ ನಿಂತಾಗಲೇ ತಮ್ಮ ಬಳಗಕ್ಕೂ ಸುದ್ದಿ ಹಾಕಿದ್ದರು: ‘ಹಸಿರು ಬಸ್ಸು ಕೆಟ್ಟಿದೆ. ಅವಸರ ಬೇಡ, ಎಲ್ಲರೂ ಚಾ ಕುಡಿಯಿರಿ.’

ಕಾಕ, “ಒಮ್ಮೆ ನೋಡುವ” ಎಂದು ಅವರ ಫೋನು ಕೇಳಿ, ಕನ್ನಡಕ ಏರಿಸಿ ನೋಡಿದರು. “ಮಗಾ, ಈ ಚುಕ್ಕೆ ರಸ್ತೆಯಿಂದ ಒಳಗೆ ಉಂಟಲ್ಲ? ಇದು ಹೋಟೆಲು. ಇಲ್ಲಿ ಹಿಂದೆ ಅಡಿಗೆಕೋಣೆ. ಬಸ್ಸು ಅಡಿಗೆಕೋಣೆಗೆ ಹೋದದ್ದು ನನ್ನ ಸರ್ವಿಸಿನಲ್ಲಿ ನಾನು ಕಂಡಿಲ್ಲ. ಕಂಡಕ್ಟರು ಕೈ ತೊಳೀಲಿಕ್ಕೆ ಹೋಗಿ ಫೋನು ಅಲ್ಲೇ ಇಟ್ಟಿದ್ದಾನೆ.”

ಅಷ್ಟರಲ್ಲಿ ನಮ್ಮ ಗುಂಪಿನಲ್ಲಿ ಒಂದು ಧ್ವನಿ ಸಂದೇಶ ಬಂತು. ಮಲ್ಲಿಗೆ ಮಾರುವ ಅಕ್ಕನದು; ಅವರಿಗೆ ಬರೆದು ಅಭ್ಯಾಸವಿಲ್ಲ. ಊರ ಹೊರಗಿನ ಸ್ಟಾಪಿನಲ್ಲಿ ಬೇರೆ ಬಸ್ಸಿಗೆ ಕಾಯುತ್ತಿದ್ದರು. “ಕಾಕಾ, ನನ್ನ ಬಸ್ಸು ಬರ್ಲೇ ಇಲ್ಲ ಮಾರಾಯ್ರೆ” ಎಂಬ ಅವರ ದೂರಿನ ಹಿಂದೆ ಒಂದು ಹಾರ್ನ್ ಕೇಳಿಸಿತು. ಕಾಕ ಕಣ್ಣು ಮುಚ್ಚಿ ಮತ್ತೊಮ್ಮೆ ಕೇಳಿದರು.

“ಹಸಿರು ಬಸ್ಸು. ಮೂರು ನಿಮಿಷ.”

ಮೂರನೆಯ ನಿಮಿಷಕ್ಕೆ ಹಸಿರು ಬಸ್ಸು ಸ್ಟ್ಯಾಂಡಿನೊಳಗೆ ಬಂತು. ಕಂಡಕ್ಟರು ಬಾಗಿಲಲ್ಲಿ ನಿಂತು ಎಲ್ಲ ಕಿಸೆಗಳನ್ನೂ ತಡಕಿಕೊಳ್ಳುತ್ತಿದ್ದ.

ಜನ ಚಪ್ಪಾಳೆ ತಟ್ಟಿದರು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಆಗ ಅಂಗಡಿಯವರ ಫೋನು ಹೊಡೆದುಕೊಂಡಿತು. ಅವಸರದಲ್ಲಿ ಸ್ಪೀಕರ್ ಒತ್ತಿದರೋ ಏನೋ, ಮಗಳ ಮನೆಗೆಂದು ಸಿದ್ದಕಟ್ಟೆಗೆ ಹೋಗಿದ್ದ ಅವರ ತಾಯಿಯ ಧ್ವನಿ ಇಡೀ ಸ್ಟ್ಯಾಂಡಿಗೆ ಕೇಳಿಸಿತು: “ಏ ಮಗಾ, ಆಗಿನಿಂದ ಲೈನೇ ಸಿಗುದಿಲ್ಲ! ಬಸ್ಸು ಕೆಟ್ಟಿದೆ, ಚಾ ಕುಡೀರಿ ಅಂತ ಹಾಕಿದ್ದೀಯಲ್ಲ? ಚಾ ಕುಡೀತಾ ಕೂತೆ, ಬಸ್ಸು ಮುಖದ ಎದುರಲ್ಲೇ ಹೋಯ್ತು! ನಿನ್ನ ಚುಕ್ಕೆ ಸಾಕು. ಆ ಟೈಮ್ ಕಾಕನ ಹತ್ರ ಕೇಳು, ಮುಂದಿನದು ಎಷ್ಟಕ್ಕೆ ಅಂತ.”

“ಒಂಬತ್ತೂ ಐದಕ್ಕೆ ಅಕ್ಕಾ” ಎಂದರು ಕಾಕ ಬೆಂಚಿನಿಂದಲೇ. “ಎಡಗಡೆ ಕೂತ್ಕೊಳ್ಳಿ, ಬಿಸಿಲು ಬೀಳುದಿಲ್ಲ.”

ಅಂಗಡಿಯವರು ಬೆವರು ಒರಸಿಕೊಂಡು, ಮಾತಿನ ಪ್ರಕಾರ ಗುಂಪು ಮುಚ್ಚುತ್ತೇನೆ ಎಂದರು. ಕಾಕ ಅವರ ಕೈ ಹಿಡಿದುಕೊಂಡರು. “ಯಾಕೆ ಮಗಾ? ಲಾರಿ ಕೆಟ್ಟದ್ದು ನಿನಗೇ ಗೊತ್ತಾದ್ದಲ್ವಾ? ಸ್ಟ್ಯಾಂಡಿಗೆ ಟೈಮ್ ಕೀಪರ್ ಇಬ್ಬರು ಬೇಕು. ಒಬ್ಬ ಚಾ ಕುಡೀಲಿಕ್ಕೆ ಹೋದರೆ ಇನ್ನೊಬ್ಬ ಬೇಡವಾ? ನಾಳೆಯಿಂದ ನೀನು ಚುಕ್ಕೆ ನೋಡಿ ನನಗೆ ಹೇಳು.” ಅಂಗಡಿಯವರು ತಲೆಯಾಡಿಸಿದರು.

ನಾನು ಇಂಥ ಮನುಷ್ಯನನ್ನು ಹಿಂದೆ ಕಂಡಿಲ್ಲ, ಮುಂದೆ ಕಾಣುವ ಭರವಸೆಯೂ ಇಲ್ಲ. ಆದರೆ ನನ್ನ ಬೆರಳುಗಳು ಆಗಲೇ ಫೋನಿನ ಮೇಲೆ ಓಡುತ್ತಿದ್ದವು. ಬಿಟ್ಟು ಹೋದವರ ಹೆಸರುಗಳನ್ನೆಲ್ಲ ಹಿಡಿದು ವಿಜಯದ ಸಂದೇಶವೊಂದನ್ನು ಬರೆದು ಮುಗಿಸಿದ್ದೆ. ಕಾಕ ಓರೆಗಣ್ಣಿನಿಂದ ನೋಡಿದರು.

“ಮಾಷ್ಟ್ರೇ, ಒಂದು ಬಸ್ಸು ಬಿಡಿ.”

ಅಷ್ಟು ದೊಡ್ಡವರ ಮಾತು. ಬೆರಳನ್ನು ಹಿಂದೆಳೆದು, ಫೋನು ಕಿಸೆಗೆ ಹಾಕಿ, ಕೈಕಟ್ಟಿ ನಿಂತೆ. ಎದುರಿಗೆ ಯಾವುದೋ ಬಸ್ಸು ಬಂತು, ನಾಲ್ಕು ಜನ ಇಳಿದರು, ಹತ್ತು ಜನ ಹತ್ತಿದರು, ಹೊರಟುಹೋಯಿತು. ನಾನು ಅಲುಗಾಡಲಿಲ್ಲ. ಮನಸ್ಸು ನಿಜವಾಗಿಯೂ ತಣ್ಣಗಾಗಿತ್ತು. ಬದುಕಿನಲ್ಲಿ ಮೊದಲ ಬಾರಿ ಸಿಟ್ಟನ್ನು ಗೆದ್ದೆ ಎಂಬ ಖುಷಿಯಲ್ಲಿ ಸಂದೇಶವನ್ನು ಅಳಿಸಿ, “ಬರ್ತೇನೆ ಕಾಕ, ಪ್ರಾರ್ಥನೆಗೆ ಹೊತ್ತಾಯಿತು. ಎಂಟೂ ಮುಕ್ಕಾಲಿನ ಸರ್ವಿಸ್ ಬಸ್ಸು ಎಲ್ಲಿ ಮುಟ್ಟಿತು?” ಎಂದು ಕೇಳಿದೆ.

ಕಾಕ ನನ್ನ ಮುಖ ನೋಡಿ ಹೇಳಿದರು:

“ನೀವು ಈಗ ಬಿಟ್ಟದ್ದು ಅದನ್ನೇ ಅಲ್ವಾ ಮಾಷ್ಟ್ರೇ?”