ಮಾವನ ಬಳ್ಳಿಯ ಕುಲಪರೀಕ್ಷೆ

ಪಕ್ಕದ ಮನೆಯ ಟೀಚರಮ್ಮನ ಕುಂಬಳಬಳ್ಳಿ ಬೂದಿರೋಗ ಬಂದು ಒಂದೇ ವಾರದಲ್ಲಿ ಒಣಗಿಹೋಯಿತು. ಗೋಡೆಯ ಈಚೆ ನಿವೃತ್ತ ಪೋಸ್ಟ್‌ಮಾಸ್ಟರರ ಬಳ್ಳಿ ಮಾತ್ರ ತನಗೇನೂ ಸಂಬಂಧವಿಲ್ಲವೆಂಬಂತೆ ಚಪ್ಪರ ತುಂಬ ಹಬ್ಬಿ, ಹನ್ನೊಂದು ಕಾಯಿ ಬಿಟ್ಟುಕೊಂಡು ಮೆರೆಯುತ್ತಿತ್ತು. ಶಾಲೆ ಬಿಟ್ಟು ಹತ್ತು ವರ್ಷವಾದರೂ ಟೀಚರಮ್ಮನಿಗೆ ಪಕ್ಕದವರು ನಕಲು ಹೊಡೆಯುತ್ತಿದ್ದಾರೆಂಬ ಗುಮಾನಿ ಹೋಗಿರಲಿಲ್ಲ. ‘ಇದು ಕುಲಾಂತರಿ ಬಳ್ಳಿ, ತನಿಖೆಯಾಗಲಿ’ ಎಂದು ಪುರಸಭೆಗೆ ದೂರು ಬರೆದೇಬಿಟ್ಟರು.

ಪ್ರಯೋಗಾಲಯದಲ್ಲಿ ಗುಣ ತಿದ್ದಿದ ಗಿಡಗಳನ್ನು ಊರೊಳಗೆ ಬೆಳೆಸಕೂಡದು, ಸಿಕ್ಕಿದರೆ ಅದೇ ದಿನ ಕಿತ್ತು ಸುಡಬೇಕು ಎಂದು ಪುರಸಭೆ ಹೋದ ವರ್ಷವಷ್ಟೇ ನಿಯಮ ಮಾಡಿತ್ತು. ಅದಕ್ಕೆಂದೇ ನೇಮಕವಾದ ಸಸ್ಯ ಪರಿಶೀಲಕನನ್ನು ಬೀದಿಯವರು ಎಲೆಸಾಹೇಬ ಎನ್ನುತ್ತಿದ್ದರು. ಗ್ರಹಚಾರಕ್ಕೆ ಆತ ಅದೇ ಪೋಸ್ಟ್‌ಮಾಸ್ಟರರ ಅಳಿಯ. ಮಾವನ ಮನೆಯ ಮಹಡಿಯಲ್ಲೇ ಅವನ ಸಂಸಾರ. ಬಳ್ಳಿಯನ್ನು ಬಿಟ್ಟರೆ ಕೆಲಸ ಹೋಗುತ್ತದೆ, ಹಿಡಿದರೆ ಮನೆ ಹೋಗುತ್ತದೆ.

ಬೆಳಿಗ್ಗೆ ಮಾವ ಏಳುವ ಮೊದಲೇ ಎಲೆಸಾಹೇಬ ಕಳ್ಳನ ಹಾಗೆ ಎರಡು ಎಲೆ ಕಿತ್ತು ತಂದ. ನೀರಿನಲ್ಲಿ ಅರೆದು, ಪರೀಕ್ಷೆಯ ಬಿಳಿ ಪಟ್ಟಿಯನ್ನು ಆ ರಸದಲ್ಲಿ ಅದ್ದಿ, ಮಹಡಿಯ ಕಿಟಕಿಯ ಅಂಚಿನ ಮೇಲಿಟ್ಟ. ಒಂದೇ ಗೆರೆ ಮೂಡಿದರೆ ಬಳ್ಳಿ ಸಾಚಾ, ಎರಡು ಮೂಡಿದರೆ ಕುಲಾಂತರಿ. ಹತ್ತು ನಿಮಿಷ ಕಾಯಬೇಕು. ಅಷ್ಟರಲ್ಲಿ ಗೋಡೆಯಾಚೆಯಿಂದ ಕೂಗು ಬಂತು.

“ಎಲೆಸಾಹೇಬ್ರೇ, ಸ್ವಲ್ಪ ಬನ್ನಿ ಇಲ್ಲಿ! ಮಾವನ ಬಳ್ಳಿ ಅಂತ ಮಾರ್ಕ್ಸ್ ಜಾಸ್ತಿ ಹಾಕ್ಬಿಟ್ಟೀರಾ ಮತ್ತೆ!”

ಟೀಚರಮ್ಮನ ಸತ್ತ ಬಳ್ಳಿಯ ಅಂತಿಮ ದರ್ಶನ ಮಾಡಿ, ಅದರ ಪೂರ್ತಿ ಜೀವನಚರಿತ್ರೆ ಕೇಳಿ ವಾಪಸ್ಸು ಬರುವ ಹೊತ್ತಿಗೆ ಅರ್ಧ ಗಂಟೆಯಾಗಿತ್ತು. ಪಟ್ಟಿಯ ಮೇಲೆ ಎರಡು ಗೆರೆ ಸ್ಪಷ್ಟವಾಗಿ ಮೂಡಿದ್ದವು. ಎಲೆಸಾಹೇಬ ಪಟ್ಟಿಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಎಣಿಸಿದ. ಹೆಂಡತಿ ಕಾಫಿ ಲೋಟ ಕುಕ್ಕಿ ಹೋದಳು. ‘ಇವಳೂ ನೋಡಿಬಿಟ್ಟಿದ್ದಾಳೆ, ಅಪ್ಪನ ಬಳ್ಳಿ ಅಲ್ಲವೇ’ ಎಂದುಕೊಂಡ.

ಮಾವನಿಗೆ ಹೇಳಲು ಪಟ್ಟಿ ಹಿಡಿದು ಮೆಟ್ಟಿಲು ಇಳಿದ.

“ಅಳಿಯಂದ್ರೇ, ಈ ಬೀಜ ನಮ್ಮಕ್ಕ ಕೊಟ್ಟಿದ್ದು,” ಎಂದರು ಪೋಸ್ಟ್‌ಮಾಸ್ಟರರು. “ನಲವತ್ತು ವರ್ಷದಿಂದ ಪೌಡರ್ ಡಬ್ಬೀಲಿ ಎತ್ತಿಟ್ಟು ಹಾಕ್ತಿದ್ದೀನಿ. ಇದರ ವಂಶ ಆ ಕಾಗದದ ಚೂರಿಗೆ ಏನು ಗೊತ್ತು?”

“ಪರೀಕ್ಷೆ ಸುಳ್ಳು ಹೇಳಲ್ಲ ಮಾವ.”

ಮಧ್ಯಾಹ್ನದೊಳಗೆ ಪುರಸಭೆಯ ಗಾಡಿ ಬಂತು. ಮೂರು ಜನ ಕುಡುಗೋಲು ಹಿಡಿದು ಚಪ್ಪರ ಹತ್ತಿದರು. ಬೀದಿಗೆ ಬೀದಿಯೇ ಗೇಟಿಗೆ ನೇತುಬಿದ್ದಿತು. ಯಾವ ಬೇರನ್ನು ಮೊದಲು ಕೀಳಬೇಕೆಂದು ಟೀಚರಮ್ಮ ಗೋಡೆಯ ಮೇಲಿಂದ ಪಾಠ ಹೇಳಿದರು. ಹನ್ನೊಂದು ಕಾಯಿಗೂ ರಸೀದಿ ಕೊಡದೆ ಗಾಡಿ ಬಿಡಲಾರೆನೆಂದು ಪೋಸ್ಟ್‌ಮಾಸ್ಟರರು ಅಡ್ಡ ನಿಂತು, ರಸೀದಿ ಪಡೆದೇ ಬಿಟ್ಟರು. ಎದುರು ಮನೆಯ ಟೈಲರು ಎಲೆಸಾಹೇಬನನ್ನು ಪಕ್ಕಕ್ಕೆ ಎಳೆದ.

“ಸಾರ್, ಹೋದ ವಾರ ನಾನೂ ಇದರದ್ದೇ ಒಂದು ಹೋಳು ತಿಂದಿದ್ದೆ. ನನಗೂ ಒಂದ್ಸಲ ಆ ಪಟ್ಟಿ ಹಾಕಿ ನೋಡ್ಬಿಡಿ.”

ಬಳ್ಳಿ ಸುಟ್ಟು ಬೂದಿಯಾಯಿತು. ಇಷ್ಟು ನಿಷ್ಪಕ್ಷಪಾತಿಯಾದ ನೌಕರನನ್ನು ತಾನು ಕಂಡೇ ಇಲ್ಲವೆಂದು ಮೇಲಧಿಕಾರಿ ಬೆನ್ನು ತಟ್ಟಿದ. ಉಳಿದವರಿಗೆ ಬುದ್ಧಿ ಬರಲೆಂದು ಆ ಪಟ್ಟಿಯನ್ನು ನೋಟೀಸ್ ಬೋರ್ಡಿನ ಗಾಜಿನೊಳಗೆ ಅಂಟಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ಪೋಸ್ಟ್‌ಮಾಸ್ಟರರ ಹೆಸರು, ವಯಸ್ಸು, ವಿಳಾಸ ಬರೆಸಿದ.

ಸಂಜೆ ಎಲೆಸಾಹೇಬ ಮನೆಗೆ ಬಂದಾಗ ಹೆಂಡತಿ ದಿಂಬಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು. ಅಪ್ಪನ ಬಳ್ಳಿಗಾಗಿ ಅಳುತ್ತಿದ್ದಾಳೆ ಎಂದುಕೊಂಡ.

“ಬಿಡೇ, ಹೋಗಿದ್ದು ಹೋಯ್ತು. ಮುಂದಿನ ವರ್ಷ ನೋಡೋಣ.”

“ಮುಂದಿನ ವರ್ಷ, ಮುಂದಿನ ವರ್ಷ ಅಂತಾನೇ ಆರು ವರ್ಷ ಆಯ್ತಲ್ರೀ!”

“ಆರು ವರ್ಷವಾ? ನಿಮ್ಮಪ್ಪ ನಲವತ್ತು ವರ್ಷ ಅಂದ್ರು...”

ಅವಳು ಮುಖವೆತ್ತಿ ದಿಟ್ಟಿಸಿದಳು. ಆಮೇಲೆ ದಿಂಬಿನಡಿಯಿಂದ ಒಂದು ಬಿಳಿ ಪಟ್ಟಿ ತೆಗೆದು ಅವನ ಕೈಗಿತ್ತಳು. “ಈ ಸಲ ಖಂಡಿತ ಬಸುರಾಗಿರ್ತೀನಿ ಅಂದ್ಕೊಂಡಿದ್ದೆ. ಬಚ್ಚಲಲ್ಲಿ ಸರಿಯಾಗಿ ಕಾಣಲ್ಲ ಅಂತ ಬೆಳಿಗ್ಗೆ ಕಿಟಕಿ ಹತ್ರ ಇಟ್ಟು, ಆಮೇಲೆ ಅವಸರದಲ್ಲಿ ಎತ್ಕೊಂಡು ಬಂದೆ. ನೋಡಿ, ಮತ್ತೆ ಒಂದೇ ಗೆರೆ.”

ಎಲೆಸಾಹೇಬ ಪಟ್ಟಿಯನ್ನು ದೀಪಕ್ಕೆ ಹಿಡಿದ. ತುದಿ ಹಸಿರಾಗಿತ್ತು. ಮೂಸಿ ನೋಡಿದ. ಕುಂಬಳದ ಎಲೆಯ ವಾಸನೆ. ಅವನು ಮಂಚದ ಮೇಲೆ ಕುಸಿದು ಕೂತು, ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದ. ಅವಳು ಥಟ್ಟನೆ ಎದ್ದು ಕೂತಳು.

“ಹಾಗಾದ್ರೆ ನನ್ನ ಪಟ್ಟಿ?”

“ಪುರಸಭೆ ನೋಟೀಸ್ ಬೋರ್ಡಲ್ಲಿದೆ.”

“ಅಯ್ಯೋ! ಯಾರ ಹೆಸರಲ್ಲಿ?”

“ನಿಮ್ಮಪ್ಪನ ಹೆಸರಲ್ಲಿ.”

ಅವಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ನಗುತ್ತಲೇ ಮತ್ತೆ ಅತ್ತಳು. ಎಲೆಸಾಹೇಬನಿಗೂ ಕಣ್ಣು ತುಂಬಿ ಬಂತು. ಜೀವನದಲ್ಲಿ ಇಷ್ಟು ಸಂತೋಷ ಅವನಿಗೆ ಯಾವತ್ತೂ ಆಗಿರಲಿಲ್ಲ.

“ಈಗಲೇ ಹೋಗಿ ಮಾವನಿಗೆ ಹೇಳ್ತೀನಿ. ಮರುಪರೀಕ್ಷೆ ಮಾಡೋಕೆ ಒಂದೆಲೆಯೂ ಉಳಿದಿಲ್ಲ. ನಿಜ ಹೇಳೋದೊಂದೇ ದಾರಿ.”

ಅವಳು ಅವನ ಅಂಗಿ ಹಿಡಿದೆಳೆದಳು. “ಬೇಡ ರೀ! ಎರಡು ಸಲ ಊರಿಗೆಲ್ಲ ಹೇಳಿ ಆಮೇಲೆ ಏನಾಯ್ತು, ಮರೆತ್ರಾ? ಮೂರು ತಿಂಗಳು ತುಂಬಲಿ. ಅಲ್ಲೀವರೆಗೂ ಯಾರಿಗೂ ಹೇಳ್ಬಾರ್ದು, ಅಪ್ಪನಿಗೂ. ನನ್ನಾಣೆ.”

ಅವನು ಆಣೆ ಇಟ್ಟ.

ಕೆಳಗಿನಿಂದ ಮಾವನ ಕರೆ ಬಂತು. ಪೋಸ್ಟ್‌ಮಾಸ್ಟರರು ಬೋಳು ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಹನ್ನೊಂದು ಕಾಯಿಯ ರಸೀದಿ ಹಿಡಿದು ಕೂತಿದ್ದರು.

“ಪರಿಶೀಲಕರೇ, ನನ್ನ ಮಗಳು ಇಲ್ಲೇ ಇರ್ತಾಳೆ. ನೀವು ಬೇರೆ ಕಡೆ ಒಂದು ರೂಮು ನೋಡ್ಕೊಳ್ಳಿ.”

ತಲೆ ತಗ್ಗಿಸಿ ನಿಲ್ಲಬೇಕೆಂದು ಎಲೆಸಾಹೇಬ ಎಷ್ಟೋ ಪ್ರಯತ್ನಪಟ್ಟ. ತುಟಿ ಕಚ್ಚಿದ, ಕೆಮ್ಮಿದ. ಹಾಳು ನಗು ಮಾತ್ರ ಕಿವಿಯಿಂದ ಕಿವಿಗೆ ಹರಡಿಯೇಬಿಟ್ಟಿತು.

“ಮೂರು ತಿಂಗಳು ಟೈಮ್ ಕೊಡಿ ಮಾವ,” ಎಂದ.

“ನನ್ನ ಬಳ್ಳಿಗೆ ನೀವು ಮೂರು ಗಂಟೆ ಕೊಟ್ರಾ?” ಮಾವ ಗುಡುಗಿದರು. “ಮೇಲಾಗಿ ನಗು ಬೇರೆ! ನಾಳೆ ಬೆಳಿಗ್ಗೆಯೇ ಹೊರಡಿ.”