ಮಾವನ ಮಡಚದ ಮೊಣಕಾಲು

ಮೊಣಕಾಲು ನೋವಿನವರು ಡಾಕ್ಟರ ಹತ್ತಿರ ಹೋಗುವುದು ಏತಕ್ಕೆ? ನೆಟ್ಟಗೆ ನಡೆಯುವುದಕ್ಕೆ, ಮೆಟ್ಟಿಲು ಹತ್ತುವುದಕ್ಕೆ, ಹೊರಟ ಬಸ್ಸಿನ ಹಿಂದೆ ಓಡುವುದಕ್ಕೆ. ಸತ್ತ ಮೇಲೆ ಸರಿಯಾಗಿ ಕೂರುವುದಕ್ಕೆಂದು ಮೊಣಕಾಲಿಗೆ ಔಷಧ ಮಾಡಿಸಿಕೊಂಡ ಮಹಾನುಭಾವರು ನಾನು ಕಂಡಂತೆ ಒಬ್ಬರೇ, ಶಿವನಿಯ ನಮ್ಮ ಸೋದರಮಾವ!

ನಗಬೇಡಿ. ನಮ್ಮವರಲ್ಲಿ ಹೋದವರನ್ನು ಮಲಗಿಸಿ ಕಳಿಸುವ ಪದ್ಧತಿಯಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಸಮಾಧಿಯ ಗುಂಡಿಯಲ್ಲೂ ಹಾಗೆಯೇ ಕೂರಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ಮಾವ ಹಿರೇನಲ್ಲೂರಿಗೆ ಹಿರಿಯರೊಬ್ಬರ ಮಣ್ಣಿಗೆ ಹೋಗಿದ್ದರು. ಆ ಹಿರಿಯರ ಒಂದು ಕಾಲು ಬದುಕಿದ್ದಾಗಲೇ ಮಡಚುತ್ತಿರಲಿಲ್ಲವಂತೆ. ಕೂರಿಸಿದರೆ ಅದೊಂದು ಕಾಲು ನಡುಮನೆಗೆ ಅಡ್ಡಲಾಗಿ ಚಾಚಿಕೊಂಡಿತ್ತಂತೆ. ಹಾರ ಹಾಕಲು ಬಂದವರೆಲ್ಲ ಎಡವಿದರಂತೆ, ಬೀಗರೊಬ್ಬರು ಹಾರದ ಸಮೇತ ಹೆಣದ ಮಡಿಲಿಗೇ ಬಿದ್ದರಂತೆ! ಈ ಕತೆಯನ್ನು ಮಾವ ಊರಿಗೆಲ್ಲ ಹೇಳಿ ನಗಿಸಿದರು. ಆಮೇಲೆ ತಮ್ಮ ಬಲಗಾಲನ್ನು ನೋಡಿಕೊಂಡರು.

ಅದೂ ಮಡಚುತ್ತಿರಲಿಲ್ಲ. ಅವರ ಜವಳಿ ಅಂಗಡಿಯ ಗಾದಿಯ ಮೇಲೆ ಅದು ಎಷ್ಟೋ ಕಾಲದಿಂದ ಚಾಚಿಕೊಂಡೇ ಇತ್ತು. ಗಿರಾಕಿಗಳು ಅದರ ಮೇಲೇ ಸೀರೆ ಹರವಿ ಸೆರಗು ನೋಡುತ್ತಿದ್ದರು. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದ್ದಾಯಿತು, ಹರಳೆಣ್ಣೆ ತಿಕ್ಕಿದ್ದಾಯಿತು. ಕಡೆಗೆ ನನ್ನ ಕೈಲಿ ರಜೆ ಹಾಕಿಸಿ, ಜೊತೆಗೆ ಕರೆದುಕೊಂಡು ಬೀರೂರಿನ ಡಾಕ್ಟರ ಹತ್ತಿರ ಹೊರಟರು. ರೈಲು ಅಜ್ಜಂಪುರ ದಾಟುವಷ್ಟರಲ್ಲಿ ಡಬ್ಬಿಯವರೆಲ್ಲ ತಲೆಗೊಂದು ಔಷಧ ಹೇಳಿದ್ದರು. ಮಾವ ಎಲ್ಲರಿಗೂ ಕಾಲು ತೋರಿಸಿದರು. ಹೀಗೆ ಪ್ರದರ್ಶನಕ್ಕಿಟ್ಟರೆ ಯಾವ ಮೊಣಕಾಲು ತಾನೇ ನೋಯುವುದಿಲ್ಲ?

ಡಾಕ್ಟರು ತಾಳ್ಮೆಯ ಮನುಷ್ಯ. ಎಂದಾದರೂ ಬಿದ್ದಿದ್ದಿರಾ, ಊದಿಕೊಳ್ಳುತ್ತದೆಯೇ, ಬೆಳಗ್ಗೆ ಎದ್ದಾಗ ಕಾಲು ಬಿಗಿದಿರುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಮೆಟ್ಟಿಲು ಹತ್ತುವಾಗ ನೋವು ಹೆಚ್ಚೋ ಇಳಿಯುವಾಗಲೋ ಎಂದಾಗ ಮಾವ, ತಮ್ಮದು ಒಂದೇ ಅಂತಸ್ತಿನ ಮನೆ ಎಂದು ವಿನಯದಿಂದ ತಿಳಿಸಿದರು. ಹಾಗಾದರೆ ಯಾವುದಕ್ಕೆ ತೊಂದರೆ? ನೆಲದ ಮೇಲೆ ಕೂರುವುದಕ್ಕೆ.

"ಅದಕ್ಯಾಕೆ ಯೋಚ್ನೆ ಯಜಮಾನ್ರೇ, ಇನ್ಮೇಲೆ ಕುರ್ಚಿ ಮೇಲೆ ಕೂತ್ಕೊಳಿ."

"ಗುಂಡಿಯೊಳಗೆ ಕುರ್ಚಿ ಇಳಿಸೋಕಾಗುತ್ತಾ ಡಾಕ್ಟ್ರೇ?"

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ವಿಷಯ ಬಿಡಿಸಿ ಹೇಳಿದೆ. ಅವರು ನಗಲಿಲ್ಲ. ಮಾವನನ್ನು ಮಲಗಿಸಿ, ಎರಡೂ ಮೊಣಕಾಲು ಮುಟ್ಟಿ ಹೋಲಿಸಿ ನೋಡಿ, ಬಲಗಾಲನ್ನು ಮೆಲ್ಲಗೆ ಮಡಚತೊಡಗಿದರು. ಅರ್ಧಕ್ಕೇ ಮಾವ ಅಯ್ಯೋ ಎಂದರು. ಡಾಕ್ಟರು ಕೈ ತೆಗೆಯದೆ, ಶಿವನಿ ಕಡೆ ಈ ಸಲ ಈರುಳ್ಳಿ ಹೇಗೆ ಎಂದು ವಿಚಾರಿಸಿದರು. ಮಾವ ಈರುಳ್ಳಿ ದಲ್ಲಾಳಿಗಳನ್ನು ಬೈಯುವ ಭರದಲ್ಲಿದ್ದಾಗ ಕಾಲು ಇನ್ನಷ್ಟು ಮಡಚಿಕೊಂಡಿತು!

"ನೋಡಿ, ಮೂಳೆ ಕೂಡ್ಕೊಂಡಿಲ್ಲ, ಕೀಲು ಸವೆದಿದೆ ಅಷ್ಟೆ. ಮಡಚೋಕೆ ಬಿಡದೆ ಇರೋದು ನೋವು. ನೋವು ಹೋದ ದಿನ ತಾನಾಗೇ ಮಡಚುತ್ತೆ."

ಮೈ ಇಳಿಸಿ, ಕುಕ್ಕುರುಗಾಲಲ್ಲಿ ಕೂರಬೇಡಿ, ಬಿಸಿನೀರಿನ ಶಾಖ ಕೊಡಿ, ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಎತ್ತಿ ಹಿಡಿದು ಇಳಿಸಿ ಎಂದರು. ನೋವು ತಡೆಯದಾದಾಗ ಮಾತ್ರ ನುಂಗಲು ಮಾತ್ರೆ ಬರೆದರು. ಸೂಜಿ ಹಾಕಲಿಲ್ಲ, ಎಕ್ಸರೇ ಬೇಡ ಎಂದರು. ಮಾವನಿಗೆ ಅವಮಾನವಾದಂತಾಯಿತು. ಬೀರೂರಿಗೆ ಬಂದು ಬರಿಗೈಯಲ್ಲಿ ಹೋಗುವುದೇ?

ವಾಪಸು ರೈಲಿನಲ್ಲಿ ಮಾತ್ರ ಅವರು ಯಾರಿಗೂ ಕಾಲು ತೋರಿಸಲಿಲ್ಲ. ಹಿರೇನಲ್ಲೂರಿನ ಕತೆಯ ಉಳಿದರ್ಧವನ್ನು ನನಗೆ ಹೇಳಿದರು. ಗುಂಡಿಗೆ ಇಳಿಸಬೇಕಲ್ಲ ಎಂದು ಆ ಹಿರಿಯರ ಕಾಲನ್ನು ಕಡೆಗೆ ಬಲವಂತವಾಗಿ ಮಡಚಿದರಂತೆ. ಲಟ್ಟೆಂದಿತಂತೆ. ಅಡುಗೆಮನೆಯಲ್ಲಿದ್ದ ಅವರ ಹೆಂಡತಿ ಕಿವಿ ಮುಚ್ಚಿಕೊಂಡು ಕುಸಿದರಂತೆ.

"ಆ ಶಬ್ದ ನಿಮ್ಮತ್ತೆ ಕೇಳ್ಬಾರ್ದು ಕಣೋ" ಎಂದರು.

ಅಲ್ಲಿಂದ ಶುರುವಾಯಿತು ನೋಡಿ ತಾಲೀಮು! ಅಂಗಡಿಗೆ ಕುರ್ಚಿ ಬಂತು. ವ್ಯಾಪಾರದ ನಡುವೆಯೇ ಬಲಗಾಲು ಗಲ್ಲಾದ ಮೇಲಕ್ಕೆ ಏಳುತ್ತಿತ್ತು, ಗಿರಾಕಿಗಳು ಹಿಂದೆ ಸರಿಯುತ್ತಿದ್ದರು. ಹೋಳಿಗೆಗೆ ತುಪ್ಪ ಬೇಡವೆಂದರು, ಹೊರುವವರಿಗೆ ಉಪಕಾರವಾಗಲಿ ಎಂದು! ಊಟದ ಹೊತ್ತಿನಲ್ಲಿ ಅದೇನು ಮಾತು ಎಂದು ಅತ್ತೆ ಗದರುತ್ತಿದ್ದರು. ಮಾವ ನಿಜವಾದ ಕಾರಣವನ್ನು ಅವರಿಗೆ ಎಂದೂ ಹೇಳಲಿಲ್ಲ.

ಸೋಮವಾರ ಪೂಜೆಯಾದ ಮೇಲೆ ಪರೀಕ್ಷೆ. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಎಷ್ಟು ಮಡಚುತ್ತದೋ ಅಷ್ಟು ಮಡಚಿ ಕೂರುವುದು. ಒಮ್ಮೆ ಹಾಲು ತಂದ ಪಕ್ಕದ ಮನೆಯಾಕೆ ಈ ವಿಭೂತಿಧಾರಿಯನ್ನು ಕಂಡು ಹಾಲು ಚೆಲ್ಲಿ ಗೋಳಿಟ್ಟಳು. ಬೀದಿಯೇ ಒಳನುಗ್ಗಿತು. ಮಾವ ಒಂದೇ ಕಣ್ಣು ತೆರೆದು, "ಅಳೋದು ಆಮೇಲೆ. ಕಾಲು ಸರಿಯಾಗಿ ಮಡಚಿದ್ಯಾ ನೋಡು" ಎಂದರು.

ಮಡಚಿರಲಿಲ್ಲ. ನೋವು ತಗ್ಗಿತು, ಸ್ಟೇಷನ್ನಿನವರೆಗೆ ನಡೆದು ಬರುವಂತಾಯಿತು. ಆದರೆ ಚಕ್ಕಳಮಕ್ಕಳ ಮಾತ್ರ ಕಡೆಯವರೆಗೂ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಬೆಳಗ್ಗೆ, ಅಂಗಡಿಗೆ ಹೊರಡಲು ಅಂಗಿ ತೊಡುತ್ತಿದ್ದವರು ಹಾಗೇ ಹೋಗಿಬಿಟ್ಟರು. ಸುದ್ದಿ ಸಿಕ್ಕ ಕೂಡಲೇ ಓಡಿದೆ. ಆಗಲೇ ಮೀಯಿಸಿದ್ದರು, ಕೂರಿಸಲು ಹಿರಿಯರು ಸಿದ್ಧರಾಗಿದ್ದರು. ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಒಳಗೆ ಹೋಗಿ ಎಂದೆ, ಕದಲಲಿಲ್ಲ. ಬಲಗಾಲನ್ನು ನಾನೇ ಹಿಡಿಯುತ್ತೇನೆಂದು ಮುಂದೆ ಹೋದೆ. ಆ ಶಬ್ದಕ್ಕೆ ಹೆದರಿ ಹಲ್ಲು ಕಚ್ಚಿಕೊಂಡು ಮೆಲ್ಲಗೆ ಮಡಚಿದೆ.

ಯಾವ ಶಬ್ದವೂ ಆಗಲಿಲ್ಲ. ಹಸುಗೂಸಿನ ಕಾಲಿನ ಹಾಗೆ ಮಡಚಿಕೊಂಡಿತು.

ಅತ್ತೆ ಹತ್ತಿರ ಬಂದು ಕೂತು, ಆ ಮೊಣಕಾಲ ಮೇಲೆ ಕೈಯಿಟ್ಟು ಸವರಿದರು. "ಅಂತೂ ನೋವು ಹೋಯ್ತಲ್ಲ ಬಿಡ್ರೀ" ಎಂದರು.